ಟಾಮಿ ಬೋಲಿನ್‌ನ ಆಲ್ಬಂ ಅನ್ನು ಮೊದಲು ಕೇಳಿ, ಆಮೇಲೆ ಮಾತಾಡಿ

ಬ್ರಿಟನ್ನಿನ ರಾಕ್ ತಂಡ ಡೀಪ್ ಪರ್ಪಲ್ ಎಂದ ಕೂಡಲೇ ನಮ್ಮ ರಾಕ್ ಕೇಳುಗರು ‘ಇನ್ ರಾಕ್’ ಎನ್ನುತ್ತಾರೆ, ‘ಮೆಷಿನ್ ಹೆಡ್’ ಎನ್ನುತ್ತಾರೆ, ಹೆಚ್ಚೆಂದರೆ ‘ಬರ್ನ್’ವರೆಗೆ ಬಂದು ನಿಲ್ಲುತ್ತಾರೆ. 1975ರ ಕೊನೆಯಲ್ಲಿ ಬಂದ ‘ಕಮ್ ಟೇಸ್ಟ್ ದ ಬ್ಯಾಂಡ್’ ಹೆಸರೆತ್ತಿದರೆ ಸಿಗುವುದು ಒಂದೇ ಉತ್ತರ: ‘ಅದರಲ್ಲಿ ಬ್ಲ್ಯಾಕ್‌ಮೋರ್ ಇಲ್ಲವಲ್ಲ!’ ಅಲ್ಲಿಗೆ ಮಾತು ಮುಗಿಯಿತು. ಬ್ಲ್ಯಾಕ್‌ಮೋರ್ ತಂಡದ ಹಳೆಯ ಗಿಟಾರ್ ವಾದಕ, ಅವನ ಜಾಗಕ್ಕೆ ಬಂದು ಈ ಆಲ್ಬಂನಲ್ಲಿ ನುಡಿಸಿದವನು ಟಾಮಿ ಬೋಲಿನ್. ಇಲ್ಲದವನನ್ನು ಮುಂದಿಟ್ಟುಕೊಂಡು ಇರುವವನನ್ನು ಅಳೆಯುವ ಈ ರೀತಿ ನನಗೆ ಸುತರಾಂ ಒಪ್ಪಿಗೆಯಿಲ್ಲ. ನನ್ನ ಮಟ್ಟಿಗೆ ಅದು ಆ ತಂಡದ ಅತ್ಯುತ್ತಮ ಮೂರು ಆಲ್ಬಂಗಳಲ್ಲಿ ಒಂದು. ವಾದ ಹೂಡುವ ಹಟಕ್ಕೆ ಹೇಳುತ್ತಿಲ್ಲ, ಕೇಳಿ ಕೇಳಿ ಮನಸ್ಸಿಗೆ ಖಚಿತವಾದದ್ದನ್ನೇ ಹೇಳುತ್ತಿದ್ದೇನೆ.

ರಿಚೀ ಬ್ಲ್ಯಾಕ್‌ಮೋರ್ ಸಣ್ಣ ಆಸಾಮಿಯಲ್ಲ. ಹಾರ್ಡ್ ರಾಕ್ ಗಿಟಾರಿಗೆ ಯುರೋಪಿನ ಶಾಸ್ತ್ರೀಯ ಸಂಗೀತದ ಗಾಂಭೀರ್ಯ ತಂದುಕೊಟ್ಟವರಲ್ಲಿ ಅವನು ಮುಂಚೂಣಿಯವನು. ಆದರೆ 1974ರ ‘ಸ್ಟಾರ್ಮ್‌ಬ್ರಿಂಗರ್’ ಹೊತ್ತಿಗೇ ತಂಡದ ದಾರಿ ಬೇರೆಯಾಗಿತ್ತು. ಬಾಸ್ ನುಡಿಸುತ್ತಲೇ ಹಾಡುತ್ತಿದ್ದ ಗ್ಲೆನ್ ಹ್ಯೂಸ್ ಮತ್ತು ಮುಖ್ಯ ಗಾಯಕ ಡೇವಿಡ್ ಕವರ್‌ಡೇಲ್ ಇಬ್ಬರಿಗೂ ಅಮೆರಿಕದ ಕಪ್ಪು ಜನರ ಸೋಲ್ ಮತ್ತು ಫಂಕ್ ಸಂಗೀತದ ಸೆಳೆತ. ಬ್ಲ್ಯಾಕ್‌ಮೋರ್‌ಗೆ ಅದು ಹಿಡಿಸಲಿಲ್ಲ. 1975ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನ ಕಛೇರಿ ಮುಗಿಸಿ ಹೊರಟವನು ರೇನ್‌ಬೋ ತಂಡದಲ್ಲಿ ತನಗೆ ಬೇಕಾದ ಹಾದಿ ಹಿಡಿದ. ಅದು ಅವನಿಗೂ ಒಳ್ಳೆಯದೇ ಆಯಿತು. ಗಿಟಾರ್ ವಾದಕ ಹೋದದ್ದರಿಂದ ತಂಡದ ಸ್ವಭಾವ ಬದಲಾಯಿತು ಎನ್ನುವವರು ಈ ಕ್ರಮವನ್ನು ಗಮನಿಸುವುದೇ ಇಲ್ಲ. ಸ್ವಭಾವ ಮೊದಲು ಬದಲಾಯಿತು, ಅವನು ಹೋದದ್ದು ಆಮೇಲೆ.

ಯಕ್ಷಗಾನ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಳಕ್ಕೆ ಹೊಸ ಭಾಗವತರು ಬಂದರೆ ಪ್ರಸಂಗ ಅದೇ, ವೇಷ ಅದೇ, ಚೆಂಡೆ ಅದೇ. ಆದರೂ ಇಡೀ ರಾತ್ರಿಯ ಆಟದ ನಡೆಯೇ ಬೇರೆಯಾಗುತ್ತದೆ. ಹಳಬರ ಪದ್ಯವನ್ನು ಹಳಬರ ಹಾಗೆಯೇ ಹೇಳಿ ಎಂದು ಹೊಸಬರನ್ನು ಒತ್ತಾಯಿಸಿದರೆ ಕೆಡುವುದು ಆಟವೇ.

ಬೋಲಿನ್ ಯಾರು ಎಂಬುದನ್ನು ಇಲ್ಲಿ ಹೇಳಲೇಬೇಕು. ಅಮೆರಿಕದ ಅಯೋವಾ ರಾಜ್ಯದ ಸೂ ಸಿಟಿಯ ಹುಡುಗ, ಹುಟ್ಟಿದ್ದು 1951ರಲ್ಲಿ. ಜೇಮ್ಸ್ ಗ್ಯಾಂಗ್ ತಂಡದಲ್ಲಿದ್ದವನು. ಅವನ ಹೆಸರು ಸಂಗೀತಗಾರರ ಕಿವಿಗೆ ಬಿದ್ದದ್ದು 1973ರ ‘ಸ್ಪೆಕ್ಟ್ರಮ್’ನಿಂದ. ಅದು ಜಾಝ್-ರಾಕ್ ತಂಡ ಮಹಾವಿಷ್ಣು ಆರ್ಕೆಸ್ಟ್ರಾದ ಡ್ರಮ್ ವಾದಕ ಬಿಲ್ಲಿ ಕಾಬಮ್‌ನ ಆಲ್ಬಂ. ಜಾಝ್‌ನ ಘಟಾನುಘಟಿಗಳ ನಡುವೆ 21ರ ರಾಕ್ ಹುಡುಗ ಕುಳಿತು ನುಡಿಸಿದ್ದಾನೆ. ಕಾಬಮ್‌ನ ಡ್ರಮ್ ಬಿರುಗಾಳಿಯಂತೆ ನುಗ್ಗುವಾಗಲೂ ಬೋಲಿನ್ ಗಾಬರಿಯಾಗುವುದಿಲ್ಲ. ಒಂದು ಸ್ವರವನ್ನು ಹಿಡಿದು, ಎಳೆದು, ಎಕೋಪ್ಲೆಕ್ಸ್ ಎಂಬ ಟೇಪ್ ಯಂತ್ರದ ಕೀಲಿಯನ್ನು ಕೈಯಲ್ಲೇ ಸರಿಸುತ್ತ ಆ ಸ್ವರವನ್ನು ಸುತ್ತಿಸಿ ಎಸೆಯುತ್ತಾನೆ. ಕವರ್‌ಡೇಲ್ ಆ ರೆಕಾರ್ಡ್ ಕೇಳಿಯೇ ಇವನು ನಮಗೆ ಬೇಕು ಎಂದದ್ದು. ಗಮನಿಸಿ, ಬ್ಲ್ಯಾಕ್‌ಮೋರ್‌ನ ಹಾಗೆ ನುಡಿಸುವವನು ಬೇಕು ಎಂದು ಅವರು ಹುಡುಕಲಿಲ್ಲ. ಹಾಗೆ ನುಡಿಸದವನನ್ನು ಗೊತ್ತಿದ್ದೇ ಕರೆತಂದರು. ಈ ಧೈರ್ಯಕ್ಕೆ ಅವರಿಗೆ ಸಲ್ಲಬೇಕಾದ ಮೆಚ್ಚುಗೆ ಇವತ್ತಿಗೂ ಸಂದಿಲ್ಲ.

ಮ್ಯೂನಿಕ್‌ನ ಮ್ಯೂಸಿಕ್‌ಲ್ಯಾಂಡ್ ಸ್ಟುಡಿಯೋದಲ್ಲಿ, ಮಾರ್ಟಿನ್ ಬರ್ಚ್‌ನ ಉಸ್ತುವಾರಿಯಲ್ಲಿ ಧ್ವನಿಮುದ್ರಣ ನಡೆಯಿತು. ಒಟ್ಟು ಒಂಬತ್ತು ಹಾಡು. ಬಹುಪಾಲು ರಚನೆಗಳಲ್ಲಿ ಬೋಲಿನ್‌ನ ಕೈ ಇದೆ. ಮೊದಲ ಹಾಡು ‘ಕಮಿಂಗ್ ಹೋಮ್’ ಒಂದೇ ಉಸಿರಿಗೆ ಓಡುತ್ತದೆ. ಅದರಲ್ಲಿ ಕೇಳುವ ಬಾಸ್ ಕೂಡ ಬೋಲಿನ್‌ನದೇ. ಹ್ಯೂಸ್ ಅಷ್ಟು ಹೊತ್ತಿಗೆ ಮಾದಕ ವ್ಯಸನ ಮಿತಿಮೀರಿ ಇಂಗ್ಲೆಂಡಿಗೆ ಮರಳಿದ್ದ. ‘ಲೇಡಿ ಲಕ್’ ಬೋಲಿನ್ ತನ್ನ ಗೆಳೆಯ ಜೆಫ್ ಕುಕ್‌ನಿಂದ ತಂದ ಹಾಡು, ಸಾಹಿತ್ಯವನ್ನು ಕವರ್‌ಡೇಲ್ ಹೊಸದಾಗಿ ಹೊಂದಿಸಿದ. ‘ಡೀಲರ್’ನಲ್ಲಿ ಮಾದಕ ವಸ್ತು ಮಾರುವವನ ಕುರಿತ ಮಾತುಗಳಿವೆ, ತಂಡದ ಒಳಗೆ ಏನು ನಡೆಯುತ್ತಿತ್ತೆಂದು ತಿಳಿದ ಮೇಲೆ ಅದನ್ನು ಸುಮ್ಮನೆ ಕೇಳಲು ನನಗೆ ಆಗುವುದಿಲ್ಲ.

ನಾನು ಜನರನ್ನು ಹಿಡಿದು ಕೂರಿಸಿ ಕೇಳಿಸುವುದು ‘ಗೆಟಿಂಗ್ ಟೈಟರ್’. ಕತ್ತರಿಸಿದಂತೆ ಬೀಳುವ ಗಿಟಾರ್ ಸ್ವರಗುಚ್ಛಗಳ ಮೇಲೆ ಹ್ಯೂಸ್ ತಾನೊಬ್ಬನೇ ಹಾಡುತ್ತಾನೆ. ಹಾಡಿನ ನಡುವೆ ವೇಗ ಇಳಿದು, ಬಾಸು ಡ್ರಮ್ಮು ಎರಡೂ ಸೊಂಟ ಬಳುಕಿಸುವ ಫಂಕ್ ನಡೆಗೆ ತಿರುಗುತ್ತವೆ. ಆ ಜಾಗದಲ್ಲಿ ಡ್ರಮ್ ವಾದಕ ಇಯಾನ್ ಪೇಸ್‌ನನ್ನು ಮಾತ್ರ ಕೇಳಿ. ಪೆಟ್ಟು ಜೋರಲ್ಲ, ಆದರೆ ಪ್ರತಿ ಪೆಟ್ಟಿನ ನಡುವೆ ಬಿಟ್ಟ ಜಾಗ ಎಷ್ಟು ಹದವಾಗಿದೆ ನೋಡಿ. ಬೋಲಿನ್ ಆ ಜಾಗವನ್ನು ತುಂಬಲು ಧಾವಿಸುವುದಿಲ್ಲ. ಸಣ್ಣ ಸಣ್ಣ ತುಣುಕು ಎಸೆದು ಸುಮ್ಮನಾಗುತ್ತಾನೆ. ಮತ್ತೆ ಮೂಲ ರಿಫ್‌ಗೆ, ಅಂದರೆ ಹಾಡಿನುದ್ದಕ್ಕೂ ಮರುಕಳಿಸುವ ಗಿಟಾರ್ ತುಣುಕಿಗೆ, ಮರಳುವಾಗ ನಾಲ್ವರೂ ಒಟ್ಟಿಗೆ ಬಂದು ಬೀಳುವ ಸುಖವಿದೆಯಲ್ಲ, ಅದು ಹಳೆಯ ಡೀಪ್ ಪರ್ಪಲ್‌ನಲ್ಲಿ ಇರಲಿಲ್ಲ. ಅಲ್ಲಿ ಗಿಟಾರ್ ಮತ್ತು ಆರ್ಗನ್ ಪರಸ್ಪರ ಸವಾಲು ಹಾಕಿಕೊಳ್ಳುತ್ತಿದ್ದವು. ಆ ಜಿದ್ದು ಅದ್ಭುತವಾಗಿತ್ತು, ನಿಜ. ಇಲ್ಲಿ ಜಿದ್ದಿಲ್ಲ, ಒಬ್ಬರಿಗೊಬ್ಬರು ಕಿವಿಗೊಟ್ಟು ನುಡಿಸುವ ಖುಷಿಯಿದೆ. ‘ದಿಸ್ ಟೈಮ್ ಅರೌಂಡ್’ನಲ್ಲಿ ಹ್ಯೂಸ್‌ನ ಕಂಠ ಮತ್ತು ಜಾನ್ ಲಾರ್ಡ್‌ನ ಕೀಬೋರ್ಡ್ ಮಾತ್ರ. ಅದು ಮುಗಿಯುತ್ತಲೇ ಬಿಡುವಿಲ್ಲದೆ ಬೋಲಿನ್‌ನ ‘ಓವ್ಡ್ ಟು ಜಿ’ ಸಿಡಿಯುತ್ತದೆ. ಆ ‘ಜಿ’ ಅಮೆರಿಕದ ಸಂಯೋಜಕ ಗರ್ಶ್‌ವಿನ್.

ಕೊನೆಯ ಹಾಡು ‘ಯು ಕೀಪ್ ಆನ್ ಮೂವಿಂಗ್’ ಹ್ಯೂಸ್ ಮತ್ತು ಕವರ್‌ಡೇಲ್ ತಂಡ ಸೇರಿದ ಹೊಸತರಲ್ಲೇ ಕಟ್ಟಿದ್ದು. ಬ್ಲ್ಯಾಕ್‌ಮೋರ್ ಅದನ್ನು ಬೇಡವೆಂದಿದ್ದ. ಮೆಲ್ಲನೆ ಹೆಜ್ಜೆ ಹಾಕುವ ಬಾಸ್, ಜೊತೆಗೂಡುವ ಎರಡು ಕಂಠ, ಲಾರ್ಡ್‌ನ ಆರ್ಗನ್, ಆಮೇಲೆ ಬೋಲಿನ್‌ನ ಸೋಲೋ. ಬ್ಲ್ಯಾಕ್‌ಮೋರ್ ಇದ್ದಿದ್ದರೆ ಈ ಹಾಡು ನಮಗೆ ದಕ್ಕುತ್ತಿರಲಿಲ್ಲ. ‘ಬ್ಲ್ಯಾಕ್‌ಮೋರ್ ಇಲ್ಲವಲ್ಲ’ ಎನ್ನುವವರಿಗೆ ನಾನು ಕೊಡುವ ನೇರ ಉತ್ತರ ಇದು.

ಕೊರತೆಯೇ ಇಲ್ಲವೆಂದು ನಾನು ಹೇಳುವುದಿಲ್ಲ. ಜಾನ್ ಲಾರ್ಡ್ ಇಲ್ಲಿ ಹಿಂದೆ ಸರಿದಿದ್ದಾನೆ. ಆ ಹ್ಯಾಮಂಡ್ ಆರ್ಗನ್ನಿನ ಗರ್ಜನೆಗೆ ಒಗ್ಗಿದ ಕಿವಿಗೆ ಏನೋ ಖಾಲಿಯೆನಿಸುವುದು ಸಹಜ. ‘ಲವ್ ಚೈಲ್ಡ್’ ನನಗೂ ಸಾಧಾರಣವೇ. ಆದರೆ ಒಂದೆರಡು ಸಾಧಾರಣ ಹಾಡು ಯಾವ ಆಲ್ಬಂನಲ್ಲಿಲ್ಲ?

ಈ ಆಲ್ಬಂನ ಹೆಸರು ಕೆಟ್ಟದ್ದು ಸ್ಟುಡಿಯೋದಲ್ಲಲ್ಲ, ವೇದಿಕೆಯ ಮೇಲೆ. ಬೋಲಿನ್ ಹೆರಾಯಿನ್‌ಗೆ ಅಂಟಿಕೊಂಡಿದ್ದ. 1975ರ ಡಿಸೆಂಬರ್‌ನಲ್ಲಿ ಜಕಾರ್ತದಲ್ಲಿ ತಂಡದ ಸಿಬ್ಬಂದಿ ಪ್ಯಾಟ್ಸಿ ಕಾಲಿನ್ಸ್ ಹೋಟೆಲಿನ ಲಿಫ್ಟ್ ಗುಂಡಿಗೆ ಬಿದ್ದು ಸತ್ತ. ಅಲ್ಲಿಂದ ಜಪಾನಿಗೆ ಹೋಗುವಷ್ಟರಲ್ಲಿ ಬೋಲಿನ್‌ನ ಎಡಗೈ ಮರಗಟ್ಟಿತ್ತು. ಟೋಕಿಯೋದ ಬುಡೋಕಾನ್‌ನಲ್ಲಿ ಅವನ ಪಾಲಿನದನ್ನೂ ಲಾರ್ಡ್ ಆರ್ಗನ್ನಿನಲ್ಲೇ ತುಂಬಿಸಿಕೊಟ್ಟ. ದುರದೃಷ್ಟವೆಂದರೆ ಆ ಕಛೇರಿಯೇ ಲೈವ್ ಆಲ್ಬಂ ಆಗಿ ಮಾರುಕಟ್ಟೆಗೆ ಬಂತು. ಬ್ರಿಟನ್ನಿನಲ್ಲಿ ಪ್ರೇಕ್ಷಕರು ಬ್ಲ್ಯಾಕ್‌ಮೋರ್‌ನ ಹೆಸರು ಕೂಗಿದರು. 1976ರ ಮಾರ್ಚ್‌ನಲ್ಲಿ ಲಿವರ್‌ಪೂಲ್‌ನ ಕಛೇರಿಯೊಂದಿಗೆ ತಂಡವೇ ಒಡೆದು ಎಲ್ಲವೂ ಮುಗಿಯಿತು. ಅದೇ ವರ್ಷ ಡಿಸೆಂಬರ್ 4ರಂದು, ಮಯಾಮಿಯಲ್ಲಿ ಗಿಟಾರ್ ವಾದಕ ಜೆಫ್ ಬೆಕ್‌ಗಿಂತ ಮೊದಲು ನುಡಿಸಿದ ಮರುದಿನ, ಬೋಲಿನ್ ತೀರಿಕೊಂಡ. ವಯಸ್ಸು 25.

ಆ ಹುಡುಗನ ತಪ್ಪುಗಳನ್ನು ನಾನು ಮುಚ್ಚಿಡುತ್ತಿಲ್ಲ. ಅವು ಕಛೇರಿಗಳನ್ನು ಕೆಡಿಸಿದವು, ಕಡೆಗೆ ಅವನನ್ನೇ ಬಲಿ ತೆಗೆದುಕೊಂಡವು. ಆದರೆ ಟೋಕಿಯೋದ ಮರಗಟ್ಟಿದ ಕೈಯನ್ನು ತೋರಿಸಿ ಮ್ಯೂನಿಕ್‌ನ ರೆಕಾರ್ಡನ್ನು ಅಲ್ಲಗಳೆಯುವುದು ಯಾವ ನ್ಯಾಯ? ಮುಂದೆ ಮತ್ತೆ ಒಂದಾದ ಇದೇ ತಂಡವನ್ನು ಬ್ಲ್ಯಾಕ್‌ಮೋರ್ 1993ರಲ್ಲಿ ಮತ್ತೊಮ್ಮೆ ಬಿಟ್ಟಾಗ ಅವನ ಜಾಗಕ್ಕೆ ಬಂದ ಸ್ಟೀವ್ ಮೋರ್ಸ್‌ಗೆ ಕಾಲಾವಕಾಶ ಸಿಕ್ಕಿತು. 1996ರ ‘ಪರ್ಪೆಂಡಿಕ್ಯುಲರ್’ನಿಂದ ಹಿಡಿದು 2022ರವರೆಗೆ ಅವನು ತಂಡದಲ್ಲಿದ್ದ, ಒಪ್ಪದಿದ್ದವರೂ ನಿಧಾನಕ್ಕೆ ಒಪ್ಪಿದರು. ಬೋಲಿನ್‌ಗೆ ಒಂದು ವರ್ಷವೂ ಸಿಗಲಿಲ್ಲ.

2016ರಲ್ಲಿ ಡೀಪ್ ಪರ್ಪಲ್ ಅನ್ನು ಅಮೆರಿಕದ ರಾಕ್ ಗೌರವಪಟ್ಟಿಯಾದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡಾಗ ಕವರ್‌ಡೇಲ್ ಪಟ್ಟಿಯಲ್ಲಿದ್ದ, ಹ್ಯೂಸ್ ಇದ್ದ, 1969ರಲ್ಲೇ ತಂಡ ಬಿಟ್ಟ ಮೊದಲ ಗಾಯಕ ರಾಡ್ ಇವಾನ್ಸ್ ಕೂಡ ಇದ್ದ. ಬೋಲಿನ್ ಇರಲಿಲ್ಲ. ಅದನ್ನು ಓದಿದಾಗ ಬಂದ ಸಿಟ್ಟು ನನಗಿನ್ನೂ ಇಳಿದಿಲ್ಲ.

ಕೇಳುವ ಮನಸ್ಸಿದ್ದವರಿಗೆ ಒಂದು ಮಾತು. 2010ರಲ್ಲಿ ಬಂದ ಆವೃತ್ತಿಯಲ್ಲಿ ಮೂಲದ ಜೊತೆಗೆ ಕೆವಿನ್ ಶರ್ಲಿ ಮಾಡಿದ ಹೊಸ ಮಿಶ್ರಣವೂ ಇದೆ. ಎರಡೂ ಸಿಕ್ಕರೆ ಮೊದಲು ಮೂಲವನ್ನೇ ಹಾಕಿ, ಶುರುವಿನಿಂದ ಬೇಡ, ನೇರವಾಗಿ ‘ಗೆಟಿಂಗ್ ಟೈಟರ್’ಗೆ ಹೋಗಿ. ಹಿಡಿಸಿತೋ ಇಲ್ಲವೋ ಕೆಳಗೆ ಬರೆಯಿರಿ. ಹಿಡಿಸದಿದ್ದರೆ ಹಾಡಿನಲ್ಲಿ ಏನು ಹಿಡಿಸಲಿಲ್ಲ ಎಂಬುದನ್ನು ಬರೆಯಿರಿ, ಗಿಟಾರ್ ಯಾರದ್ದಲ್ಲ ಎಂಬುದನ್ನಲ್ಲ.