ಸ್ಪಷ್ಟನೆ: ಪೈಥಾನ್‌ನಲ್ಲಿ ಬರೆದ ಮಾತ್ರಕ್ಕೆ ಕೋಡ್ ಓದಲು ಸುಲಭವಾಗುವುದಿಲ್ಲ

ಕಂಪ್ಯೂಟರ್‌ಗೆ ಸೂಚನೆಗಳನ್ನು, ಅಂದರೆ ಕೋಡ್, ಬರೆಯುವ ಭಾಷೆಗಳ ಬಗ್ಗೆ 'ಪೈಥಾನ್ ಕೋಡ್ ಯಾರಿಗಾದರೂ ಅರ್ಥವಾಗುತ್ತದೆ. ಸಿ, ಪರ್ಲ್ ಕೋಡ್ ಬರೆದವರಿಗೇ ಅರ್ಥವಾಗುವುದಿಲ್ಲ. ಅವರು ಒಳ್ಳೆಯ ಪ್ರೋಗ್ರಾಮರ್‌ಗಳೂ ಅಲ್ಲ' ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ.

1991ರಲ್ಲಿ ಹೊರಬಂದ ಪೈಥಾನ್‌ನಲ್ಲಿ ಲೂಪಿನಂಥ (ಮತ್ತೆ ಮತ್ತೆ ನಡೆಯುವ ಭಾಗ) ಭಾಗಗಳ ಒಳಗಿನ ಸಾಲುಗಳ ಮುಂದೆ ಜಾಗ ಬಿಡುವುದು ಕಡ್ಡಾಯ. ಯಾವ ಸಾಲು ಯಾವ ಲೂಪಿನ ಒಳಗಿದೆ ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಇದು ನಿಜಕ್ಕೂ ದೊಡ್ಡ ಅನುಕೂಲ. ಆದರೆ ವೇರಿಯೆಬಲ್‌ಗಳಿಗೆ (ಮಾಹಿತಿ ಇಟ್ಟುಕೊಳ್ಳುವ ಹೆಸರುಗಳು) ಸುಮ್ನೆ ಎ, ಬಿ, ಟೆಂಪ್ ಎಂದು ಹೆಸರಿಟ್ಟರೆ ಪೈಥಾನ್ ತಡೆಯುವುದಿಲ್ಲ. ಫೈಲ್ ಓದುವುದು, ಲೆಕ್ಕ ಮಾಡುವುದು, ಡೇಟಾಬೇಸ್‌ಗೆ ಬರೆಯುವುದು ಎಲ್ಲವನ್ನೂ ಒಂದೇ ಫಂಕ್ಷನ್‌ಗೆ (ಒಂದು ಕೆಲಸಕ್ಕೆಂದು ಹೆಸರಿಟ್ಟ ಕೋಡಿನ ತುಂಡು) ತುರುಕಿದರೂ ತಡೆಯುವುದಿಲ್ಲ. ಅಂಥ ಕೋಡನ್ನು ತಿದ್ದಲು ಕೂತವರಿಗೆ ಆ ಕಷ್ಟ ಗೊತ್ತು. ಜಾಗವೆಲ್ಲ ಸರಿಯಾಗಿಯೇ ಇರುತ್ತದೆ, ಉದ್ದೇಶವೇ ತಿಳಿಯುವುದಿಲ್ಲ.

ಇನ್ನು ಸಿ. ಅರ್ಥವಾಗದ ಸಿ ಕೋಡ್ ಬರೆಯುವ ಅಂತರರಾಷ್ಟ್ರೀಯ ಸ್ಪರ್ಧೆ 1984ರಲ್ಲೇ ಶುರುವಾಯಿತು. ಅದನ್ನೇ ಸಾಕ್ಷಿಯಾಗಿ ತೋರಿಸುವವರಿದ್ದಾರೆ. ಆದರೆ ಅಲ್ಲಿ ಬೇಕೆಂದೇ ಗೋಜಲು ಮಾಡುತ್ತಾರೆ, ಅದಕ್ಕೂ ಭಾಷೆಯ ಮೇಲೆ ಒಳ್ಳೆಯ ಹಿಡಿತ ಬೇಕು. ಅದೇ ಸಿ ಭಾಷೆಯಲ್ಲಿರುವ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ತಂತ್ರಾಂಶದ ಕೋಡ್ ತೆರೆದು ನೋಡಿ. ಫಂಕ್ಷನ್ ಏನು ಮಾಡುತ್ತದೆ, ಯಾಕೆ ಹೀಗೆ ಬರೆದಿದೆ ಎಂದು ಕೋಡಿನ ನಡುವೆ ಬರೆದ ಟಿಪ್ಪಣಿಗಳು, ಅಂದರೆ ಕಾಮೆಂಟ್‌ಗಳು, ಬಿಡಿಸಿ ಹೇಳುತ್ತವೆ.

ಪರಿಚಯವಿಲ್ಲದ್ದು ಮೊದಲಿಗೆ ಕಷ್ಟವೇ ಅಲ್ವಾ? ಹ್ಯಾಸ್ಕೆಲ್ ಎಂಬ ಇನ್ನೊಂದು ಭಾಷೆಯ ಚಿಹ್ನೆಗಳು ಹೊಸಬರಿಗೆ ಒಗಟು, ದಿನವೂ ಬಳಸುವವರಿಗೆ ಸಲೀಸು.

ಹಾಗಾಗಿ ಭಾಷೆಯ ಹೆಸರು ಕೇಳಿಯೇ ಒಬ್ಬರ ಕೌಶಲ ಅಳೆಯಬೇಡಿ. ಅವರ ಕೋಡನ್ನು ಬೇರೆಯವರು ಬದಲಾಯಿಸಲು ಎಷ್ಟು ಹೆಣಗಬೇಕಾಯಿತು ಎಂದು ಕೇಳಿ.