ಎಲ್ಲದಕ್ಕೂ ‘ಎಕ್ಸ್‌ಪೈರಿ’ ಅನ್ನಬೇಡಿ

ಇಂಗ್ಲೆಂಡಿನ ಅಂಗಡಿಗಳಲ್ಲಿ ತಿನ್ನುವ ಪದಾರ್ಥಗಳ ಮೇಲೆ ಎರಡು ಬಗೆಯ ತಾರೀಖು ಇರುತ್ತದೆ. ಕೆಲವಕ್ಕೆ ‘ಬೆಸ್ಟ್ ಬಿಫೋರ್’, ಕೆಲವಕ್ಕೆ ‘ಯೂಸ್ ಬೈ’. ಊರಿನಿಂದ ಬಂದ ನಾವು ಎರಡನ್ನೂ ‘ಎಕ್ಸ್‌ಪೈರಿ ಡೇಟ್’ ಅಂತಲೇ ಕರೆಯುತ್ತೇವೆ. ಇದರಿಂದ ಇಲ್ಲಿನ ನಮ್ಮ ಅಡುಗೆಮನೆಗಳಲ್ಲಿ ಎರಡು ಕಡೆಯೂ ಎಡವಟ್ಟಾಗುತ್ತಿದೆ ಅನ್ನೋದು ನನ್ನ ಅನಿಸಿಕೆ. ಚೆನ್ನಾಗಿರೋದನ್ನು ಎಸೆಯುತ್ತೇವೆ. ಎಸೆಯಲೇಬೇಕಾದ್ದನ್ನು ಮೂಸಿ ನೋಡಿ ಇಟ್ಟುಕೊಳ್ಳುತ್ತೇವೆ.

‘ಬೆಸ್ಟ್ ಬಿಫೋರ್’ ಹೇಳೋದು ರುಚಿಯ ಮಾತು. ಆ ದಿನ ದಾಟಿದರೆ ಬಿಸ್ಕತ್ತು ಮೆತ್ತಗಾಗಬಹುದು, ಕಾಫಿಪುಡಿಯ ಘಮ ಇಳಿಯಬಹುದು, ಅಷ್ಟೇ. ‘ಯೂಸ್ ಬೈ’ ಹೇಳೋದು ಆರೋಗ್ಯದ ಮಾತು. ಆ ದಿನ ದಾಟಿದ ಮೇಲೆ ತಿನ್ನಬೇಡಿ ಅಂತ ಅರ್ಥ. ಕಾನೂನು ಕೂಡ ಇದನ್ನೇ ಹೇಳುತ್ತದೆ. ಬೆಸ್ಟ್ ಬಿಫೋರ್ ದಾಟಿದ ಮಾಲು ಕೆಟ್ಟಿಲ್ಲದಿದ್ದರೆ ಅಂಗಡಿಯವರು ಮಾರಬಹುದು. ಯೂಸ್ ಬೈ ದಾಟಿದ್ದನ್ನು ಮಾರಿದರೆ ಅಪರಾಧ.

ಊರಿಗೆ ಹೊರಡುವ ಮುಂಚೆ ಕಪಾಟು ಖಾಲಿ ಮಾಡುವ ಮನೆಗಳನ್ನು ನೋಡಿದ್ದೇನೆ. ಪ್ಯಾಕೆಟ್ಟು ಕೂಡ ಒಡೆಯದ ಉದ್ದಿನಬೇಳೆ, ಚಿರೋಟಿ ರವೆ, ಅವಲಕ್ಕಿ, ಎಲ್ಲ ಸೀದಾ ಕಸದ ಡಬ್ಬಿಗೆ. ಕೇಳಿದರೆ ‘ಎಕ್ಸ್‌ಪೈರಿ ಆಗಿದೆ’ ಅನ್ನುವ ಉತ್ತರ. ನೋಡಿದರೆ ಅದರ ಮೇಲಿರೋದು ಬೆಸ್ಟ್ ಬಿಫೋರ್. ನಿಜಕ್ಕೂ ಹೊಟ್ಟೆ ಉರಿಯುತ್ತದೆ. ತೊಗರಿಬೇಳೆಗೆ ಹರಳೆಣ್ಣೆ ಸವರಿ ವರ್ಷಗಟ್ಟಲೆ ಇಟ್ಟುಕೊಂಡ ಮನೆಗಳಿಂದ ಬಂದವರು ನಾವು. ರವೆಗೆ ಹುಳ ಬೀಳದಂತೆ ಹುರಿದಿಡೋದು, ಅಕ್ಕಿ ಡಬ್ಬಿಗೆ ಬೇವಿನ ಎಲೆ ಹಾಕೋದು, ಉಪ್ಪಿನಕಾಯಿ ಭರಣಿಗೆ ಒದ್ದೆ ಚಮಚ ಹಾಕಿದರೆ ಬೈಸಿಕೊಳ್ಳೋದು, ಇವೆಲ್ಲ ನಮಗೆ ಗೊತ್ತು. ಎರಡು ವರ್ಷದ ಹಳೇ ಮಿಡಿ ಉಪ್ಪಿನಕಾಯಿಯನ್ನು ಹೆಮ್ಮೆಯಿಂದ ಬಡಿಸುತ್ತೇವೆ. ಅಂಥವರು ಪ್ಲಾಸ್ಟಿಕ್ಕಿನ ಮೇಲೆ ಅಚ್ಚಾದ ಒಂದು ತಾರೀಖಿಗೆ ಹೆದರಿ ಒಳ್ಳೇ ಬೇಳೆ ಎಸೆಯಬೇಕಾ?

ಇಲ್ಲಿನವರೂ ಈಗ ಆ ಕಡೆಗೇ ಬರುತ್ತಿದ್ದಾರೆ. 2022ರಲ್ಲಿ ಇಲ್ಲಿನ ದೊಡ್ಡ ಅಂಗಡಿ ಸರಣಿ ಮಾರ್ಕ್ಸ್ ಅಂಡ್ ಸ್ಪೆನ್ಸರ್‌ನವರು ನೂರಾರು ಬಗೆಯ ಹಣ್ಣು ತರಕಾರಿಗಳ ಮೇಲಿನ ಬೆಸ್ಟ್ ಬಿಫೋರ್ ತೆಗೆದುಹಾಕಿದರು. ಅದೇ ವರ್ಷ ಇನ್ನೊಂದು ಅಂಗಡಿ ಸರಣಿ ಮಾರಿಸನ್ಸ್‌ನವರು ತಮ್ಮ ಬಹುಪಾಲು ಹಾಲಿಗೆ ಯೂಸ್ ಬೈ ಬದಲು ಬೆಸ್ಟ್ ಬಿಫೋರ್ ಹಾಕಿ, ಮೂಸಿ ನೋಡಿ ಕುಡಿಯಿರಿ ಅಂದರು. ನಮ್ಮ ಅಜ್ಜಿಯಂದಿರ ಪದ್ಧತಿಗೆ ಜಯವಾಯಿತು ಅಂತ ಎಷ್ಟೋ ಜನ ಖುಷಿಪಟ್ಟರು. ನನಗೂ ಖುಷಿಯಾಯಿತು.

ಆದರೆ ಆ ಖುಷಿ ಫ್ರಿಜ್ಜಿನ ಬಾಗಿಲ ತನಕ ಮಾತ್ರ. ಅಜ್ಜಿಯ ಮೂಗು ಕೆಲಸ ಮಾಡಿದ್ದು ಅಜ್ಜಿಯ ಅಡುಗೆಮನೆಯಲ್ಲಿ. ಅಲ್ಲಿ ಬೆಳಗ್ಗೆ ಹಾಲು ಬಂದ ಕೂಡಲೇ ಉಕ್ಕಿಸುತ್ತಿದ್ದರು, ಸಂಜೆ ಮತ್ತೆ ಕಾಯಿಸುತ್ತಿದ್ದರು. ಸಾರು, ಹುಳಿ ಎಲ್ಲ ಅಂದಂದಿಗೇ. ಒಲೆ ಕಾಣದ ಪದಾರ್ಥ ಕಡಿಮೆ. ಇಲ್ಲಿ ಯೂಸ್ ಬೈ ಹೊತ್ತು ಬರುವುದೇ ತಣ್ಣಗೆ ತಿನ್ನುವ ವಸ್ತುಗಳು ಜಾಸ್ತಿ: ಹೊಗೆ ಹಾಕಿದ ಮೀನು, ಹೋಳು ಮಾಡಿದ ಮಾಂಸ, ಮೆತ್ತನೆಯ ಚೀಸ್, ಹೆಚ್ಚಿಟ್ಟ ಸಲಾಡ್. ಲಿಸ್ಟೀರಿಯಾ ಅನ್ನೋ ಬ್ಯಾಕ್ಟೀರಿಯಾ ಫ್ರಿಜ್ಜಿನ ಚಳಿಯಲ್ಲೂ ಬೆಳೆಯುತ್ತದೆ. ಬಣ್ಣ ಬದಲಾಗದೆ ಇರಬಹುದು, ವಾಸನೆಯೂ ಬಾರದೆ ಇರಬಹುದು. ಮೂಗು ಎಷ್ಟೇ ಚುರುಕಾಗಿದ್ದರೂ ಅದಕ್ಕೆ ಸಿಗೋದಿಲ್ಲ. ಇಲ್ಲಿ ತಾರೀಖಿನ ಮಾತು ಕೇಳಲೇಬೇಕು.

ನಮ್ಮ ದೇಶದ ಲೇಬಲ್ಲುಗಳು ಈ ವ್ಯತ್ಯಾಸ ಕಲಿಸಲಿಲ್ಲ ಅನ್ನೋ ಬೇಸರ ನನಗಿದೆ. ಎಫ್‌ಎಸ್‌ಎಸ್‌ಎಐ (ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ) 2020ರಲ್ಲಿ ತಂದ ಲೇಬಲ್ ನಿಯಮದಲ್ಲಿ ತಯಾರಾದ ದಿನ ಮತ್ತು ‘ಎಕ್ಸ್‌ಪೈರಿ/ಯೂಸ್ ಬೈ’ ಕಡ್ಡಾಯ. ಬೆಸ್ಟ್ ಬಿಫೋರ್ ಬೇಕಿದ್ದರೆ ಹಾಕಬಹುದು. ಹಾಗಾಗಿ ಪನೀರಿಗೂ ಅದೇ ಮಾತು, ಬೇಳೆಗೂ ಅದೇ ಮಾತು. ಎರಡರ ಭಯವೂ ಒಂದೇ ಅಂತ ಜನ ತಿಳಿದರೆ ತಪ್ಪು ಜನರದ್ದಲ್ಲ. ಅಮೆರಿಕದಲ್ಲಿ ಇನ್ನೂ ಗೊಂದಲ. ಅಲ್ಲಿ ಮಕ್ಕಳ ಹಾಲಿನಪುಡಿ ಒಂದನ್ನು ಬಿಟ್ಟರೆ ತಾರೀಖಿನ ಬಗ್ಗೆ ಇಡೀ ದೇಶಕ್ಕೆ ಒಂದು ಕಾನೂನೇ ಇಲ್ಲ. ಈ ಒಂದು ವಿಷಯದಲ್ಲಿ ಬ್ರಿಟನ್ನಿನ ಪದ್ಧತಿಯೇ ನನಗೆ ಹಿಡಿಸಿದ್ದು.

ಮಗಳ ಬಾಣಂತನಕ್ಕೆ ಅಂತ ಊರಿನಿಂದ ಅಮ್ಮ ಬರುತ್ತಾರಲ್ವಾ, ಆ ಮನೆಗಳ ಬಗ್ಗೆ ನನಗೆ ಹೆಚ್ಚು ಕಾಳಜಿ. ಲಿಸ್ಟೀರಿಯಾ ಜಾಸ್ತಿ ಕಾಡೋದು ಬಸುರಿಯರನ್ನು ಮತ್ತು ವಯಸ್ಸಾದವರನ್ನು. ಆ ಮನೆಯಲ್ಲಿ ಇಬ್ಬರೂ ಇರುತ್ತಾರೆ. ಅಮ್ಮನಿಗೆ ಏನನ್ನೂ ಎಸೆಯಲು ಮನಸ್ಸು ಬರುವುದಿಲ್ಲ, ‘ಚೆನ್ನಾಗೇ ಇದೆ ಕಣೇ, ವಾಸನೆ ಏನೂ ಇಲ್ಲ’ ಅಂತ ತಟ್ಟೆಗೆ ಹಾಕಿಬಿಡುತ್ತಾರೆ. ಅವರ ಆ ಮನಸ್ಸು ದೊಡ್ಡದು, ಅದಕ್ಕೆ ಎದುರು ಮಾತಾಡೋದು ಬೇಡ. ಅವರು ಬಂದ ವಾರವೇ ಫ್ರಿಜ್ಜು ತೆಗೆದು, ಯೂಸ್ ಬೈ ಅಂತ ಎಲ್ಲಿ ಬರೆದಿದೆ ಅಂತ ಕೈಯಲ್ಲಿ ಕೊಟ್ಟು ತೋರಿಸಿ. ಆ ದಿನದೊಳಗೆ ಖರ್ಚಾಗುವುದಿಲ್ಲ ಅನ್ನಿಸಿದರೆ, ಫ್ರೀಜರಿಗೆ ಹಾಕಬಹುದಾದದ್ದನ್ನು ತಾರೀಖು ಮುಗಿಯುವ ಮುಂಚೆಯೇ ಹಾಕಿಡಿ ಅಂತ ಹೇಳಿ. ಆಗ ಎಸೆಯುವ ಸಂಕಟವೂ ಇರುವುದಿಲ್ಲ. ಕಪಾಟಿನ ಬೇಳೆ, ರವೆ, ಹಪ್ಪಳದ ಯಜಮಾನಿಕೆ ಪೂರ್ತಿ ಅಮ್ಮನಿಗೇ ಬಿಡಿ.