ಕಾಸು ಕೊಟ್ಟು ಬೈಸಿಕೊಳ್ಳುವ ಸುಖ

ನಮ್ಮಜ್ಜಿ ಮೊಮ್ಮಕ್ಕಳನ್ನು ಬೈದೇ ಬೆಳೆಸಿದವಳು. ಮೂರನೆಯ ಹೋಳಿಗೆಗೆ ಕೈ ಚಾಚಿದರೆ "ಇದು ಹೊಟ್ಟೆಯೋ ಹಗೇವೋ?" ಎಂದು ಕೇಳುತ್ತಿದ್ದಳು. ಉತ್ತರಕ್ಕೆ ಕಾಯದೆ ಹೋಳಿಗೆ ಹಾಕಿ, ಮೇಲೆ ತುಪ್ಪವನ್ನೂ ಸುರಿಯುತ್ತಿದ್ದಳು. ಇದೇ ಬೈಗುಳವನ್ನು ಅಚ್ಚು ಹಾಕಿಸಿ, ಹೊಳೆಯುವ ರಕ್ಷಾಪುಟ ತೊಡಿಸಿ, ಅಮೆರಿಕದಲ್ಲಿ ಡಾಲರ್ ಲೆಕ್ಕದಲ್ಲಿ ಮಾರಬಹುದು ಎಂದು ಅವಳಿಗೆ ಯಾರೂ ಹೇಳಿಕೊಡಲಿಲ್ಲ. ಹೇಳಿದ್ದರೆ ನಾನು ಇವತ್ತು ರಾಯಲ್ಟಿಯ ಹಣದಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿರುತ್ತಿದ್ದೆ; ಅಂಕಣ ಬರೆಯುವ ದುರ್ಗತಿ ಬರುತ್ತಿರಲಿಲ್ಲ.

ಅಜ್ಜಿಗೆ ಹೊಳೆಯದ ಈ ವ್ಯಾಪಾರ 2005ರಲ್ಲಿ ಇಬ್ಬರು ಅಮೆರಿಕನ್ ಮಹಿಳೆಯರಿಗೆ ಹೊಳೆಯಿತು. ರೋರಿ ಫ್ರೀಡ್‌ಮನ್ ರೂಪದರ್ಶಿಯರಿಗೆ ಕೆಲಸ ಗೊತ್ತುಮಾಡುವ ಏಜೆಂಟ್ ಆಗಿದ್ದವರು, ಕಿಮ್ ಬಾರ್ನೂಯಿನ್ ಸ್ವತಃ ರೂಪದರ್ಶಿಯಾಗಿದ್ದವರು. ಇಬ್ಬರೂ ಸೇರಿ ಬರೆದ ಪುಸ್ತಕದ ಹೆಸರು 'ಸ್ಕಿನ್ನಿ ಬಿಚ್'. ಮನೆಯಲ್ಲಿ ಹಿರಿಯರಿಲ್ಲದಾಗ ಕನ್ನಡಿಸುವುದಾದರೆ 'ಬಡಕಲು ಹೆಣ್ಣುನಾಯಿ'. ರಕ್ಷಾಪುಟದಲ್ಲಿ ಸೊಂಟವೇ ಇಲ್ಲದ ಒಬ್ಬಳು ಹುಡುಗಿಯ ಚಿತ್ರ, ಕಸ ತಿನ್ನುವುದನ್ನು ಬಿಟ್ಟು ಚೆಲುವೆಯಾಗು ಎಂಬ ಭರವಸೆ. ಒಳಗೆ ತೆರೆದರೆ ಓದುಗಿಗೆ ಮಂಗಳಾರತಿ. ಬಾಟಲಿಯ ತಂಪು ಪಾನೀಯ ಎಂದರೆ ನೀರಿನ ರೂಪದ ಸೈತಾನ. ಕಾಫಿ ಕುಡಿಯುವವರು ಪುಕ್ಕಲರು. (ಇದನ್ನು ಓದುವಾಗ ನನ್ನ ಕೈಯಲ್ಲಿ ಲೋಟವಿತ್ತು. ಕೈ ನಡುಗಲಿಲ್ಲ.)

ಕುತೂಹಲದ ಸಂಗತಿಯೆಂದರೆ ರಕ್ಷಾಪುಟದಲ್ಲಿ 'ವೀಗನ್' ಎಂಬ ಪದವೇ ಇಲ್ಲ; ವೀಗನ್ ಎಂದರೆ ಮಾಂಸವಿರಲಿ, ಹಾಲು, ಮೊಟ್ಟೆಯನ್ನೂ ಮುಟ್ಟದವರು. ಸೊಂಟ ಸಣ್ಣ ಮಾಡಿಕೊಳ್ಳಲು ಹೊರಟ ಓದುಗಿ ಮೊದಲು ಸಕ್ಕರೆ ಬಿಡುತ್ತಾಳೆ, ಮೈದಾ ಬಿಡುತ್ತಾಳೆ, ಬೈಗುಳ ಕೇಳಿ ನಗುತ್ತಾಳೆ. ಪುಟ ತಿರುವಿದರೆ ಕಸಾಯಿಖಾನೆಯ ನಡುವೆ ನಿಂತಿರುತ್ತಾಳೆ. ಅಲ್ಲಿ ಕೆಲಸ ಮಾಡಿದವರ ಮಾತುಗಳು, ಪಂಜರಗಳು, ಕೊಕ್ಕೆಗಳು, ರಕ್ತ. ಸೀರೆ ಅಂಗಡಿಗೆಂದು ಕರೆದೊಯ್ದು ಸತ್ಯಾಗ್ರಹದಲ್ಲಿ ಕೂರಿಸಿದ ಹಾಗೆ. ಕೊನೆಯ ಪುಟಗಳಲ್ಲಂತೂ ಲೇಖಕಿಯರು ತಪ್ಪೊಪ್ಪಿಕೊಂಡೇ ಬಿಡುತ್ತಾರೆ: ತೆಳ್ಳಗಾಗುವುದು ನಮಗೆ ಮುಖ್ಯವೇ ಅಲ್ಲ, ನಿಮ್ಮನ್ನು ಒಳಗೆ ಕರೆಯಲು ಹಾಗೆಂದೆವು. ಅಂದರೆ ಹಸುವಿನ ನೋವಿಗೆ ಪೇಟೆಯಲ್ಲಿ ಗಿರಾಕಿಯಿಲ್ಲ, ಆದ್ದರಿಂದ ಹಸುವಿಗೆ ಬಿಗಿಯಾದ ಕಪ್ಪು ಉಡುಪು ತೊಡಿಸಿ ಒಳಗೆ ಬಿಡಬೇಕಾಯಿತು. ಈ ಒಂದು ಪ್ರಾಮಾಣಿಕತೆಗೆ ನಾನು ಅವರಿಗೆ ಅಂಕ ಕೊಡುತ್ತೇನೆ. ಗಾಳ ಹಾಕಿದವರು ಮೀನಿಗೆ ಕೊಕ್ಕೆ ತೋರಿಸಿ ಕ್ಷಮೆ ಕೇಳುವುದು ಅಪರೂಪ.

ಮೀನು ಎಂದಾಗ ನೆನಪಾಯಿತು. ಪುಸ್ತಕ ಬಂದ ಎರಡು ವರ್ಷಗಳ ಮೇಲೆ, 2007ರಲ್ಲಿ, ಹಾಡುಗಾರ್ತಿ ವಿಕ್ಟೋರಿಯಾ ಬೆಕಮ್ ಲಾಸ್ ಏಂಜಲೀಸಿನ ಅಂಗಡಿಯೊಂದರಲ್ಲಿ ಅದನ್ನು ಕೈಯಲ್ಲಿ ಹಿಡಿದಿದ್ದಾಗ ಯಾರೋ ಫೋಟೊ ತೆಗೆದರು. ಓದುತ್ತಿದ್ದ ಫೋಟೊ ಅಲ್ಲ, ಹಿಡಿದಿದ್ದ ಫೋಟೊ. ಅಷ್ಟು ಸಾಕಾಯಿತು. ಪುಸ್ತಕ ರೆಕ್ಕೆ ಬಂದಂತೆ ಮಾರಾಟವಾಗಿ ಅತಿ ಹೆಚ್ಚು ಮಾರಾಟದ ಪಟ್ಟಿಗಳನ್ನು ಏರಿ ಕುಳಿತಿತು. ಕಸಾಯಿಖಾನೆಯ ಅಷ್ಟೂ ಸಾಕ್ಷಿಗಳು ಎರಡು ವರ್ಷದಲ್ಲಿ ಮಾಡಲಾಗದ್ದನ್ನು ಒಂದು ಕೈ ಮಾಡಿತು. ಆ ಕೈಯ ಒಡತಿ ಏನು ಉಣ್ಣುತ್ತಾರೆ ಎಂಬುದನ್ನು ಗಂಡ, ಫುಟ್ಬಾಲ್ ಆಟಗಾರ ಡೇವಿಡ್ ಬೆಕಮ್ 2022ರಲ್ಲಿ ಒಂದು ಸಂದರ್ಶನದಲ್ಲಿ ಹೇಳಿಕೊಂಡರು: ನಾನು ನೋಡಿದಾಗಿನಿಂದ, ಅಂದರೆ 25 ವರ್ಷಗಳಿಂದ, ಅವಳು ತಿನ್ನುವುದು ಸುಟ್ಟ ಮೀನು, ಹಬೆಯಲ್ಲಿ ಬೇಯಿಸಿದ ತರಕಾರಿ, ಅಷ್ಟೇ. ತರಕಾರಿಯ ಮಟ್ಟಿಗೆ ಪುಸ್ತಕದ ಆಜ್ಞೆ ಪಾಲನೆಯಾಗಿದೆ. ಮೀನಿಗೆ ಮಾತ್ರ ಯಾರೂ ಆ ಫೋಟೊ ತೋರಿಸಿರಲಿಲ್ಲ.

ಕಾವಲಿ ಕಾದಾಗಲೇ ದೋಸೆ ಹೊಯ್ಯಬೇಕು. ಫೋಟೊ ಬಂದ 2007ರಲ್ಲೇ ಲೇಖಕಿಯರ ಅಡುಗೆಯ ಪುಸ್ತಕ ಬಂತು. 2009ರಲ್ಲಿ ಗಂಡಸರಿಗೆಂದೇ 'ಸ್ಕಿನ್ನಿ ಬಾಸ್ಟರ್ಡ್' ಬಂತು. ಹೆಂಗಸರಿಗೆ ನಾಯಿಯ ಬೈಗುಳ, ಗಂಡಸರಿಗೆ ಹುಟ್ಟಿನ ಬೈಗುಳ. ಲಿಂಗ ಸಮಾನತೆಯ ವಿಷಯದಲ್ಲಿ ಲೋಪವಾಗಿಲ್ಲ.

ನನಗೆ ಜೀರ್ಣವಾಗದ ಸಂಗತಿ ಇನ್ನೊಂದಿದೆ. ಪ್ರಾಣಿಗಳಿಗೆ ದಯೆ ತೋರಿ ಎನ್ನುವ ಪುಸ್ತಕ, ಅದರ ಹಣೆಯ ಮೇಲೆಯೇ ಒಂದು ಬಡಪ್ರಾಣಿ ಬೈಗುಳವಾಗಿ ಕೂಲಿ ಮಾಡುತ್ತಿದೆ. ಇದು ಇವರೊಬ್ಬರ ಕಥೆಯಲ್ಲ. ಪ್ರಾಣಿಗಳ ಹಕ್ಕಿಗಾಗಿ ಹೋರಾಡುವ ಪೆಟಾ ಸಂಸ್ಥೆ 2009ರಲ್ಲಿ ಫ್ಲಾರಿಡಾದ ಜಾಕ್ಸನ್‌ವಿಲ್ ಊರಿನಲ್ಲಿ ಒಂದು ದೊಡ್ಡ ಜಾಹೀರಾತು ಫಲಕ ನಿಲ್ಲಿಸಿತು. ಈಜುಡುಗೆಯ ದಪ್ಪ ಹೆಂಗಸಿನ ಬೆನ್ನಿನ ಚಿತ್ರ, ಪಕ್ಕದಲ್ಲಿ 'ತಿಮಿಂಗಿಲಗಳನ್ನು ಉಳಿಸಿ, ಕೊಬ್ಬು ಕಳೆಯಿರಿ, ಸಸ್ಯಾಹಾರಿಗಳಾಗಿ' ಎಂಬ ಉಪದೇಶ. ಊರು ಛೀಮಾರಿ ಹಾಕಿದ ಮೇಲೆ ಫಲಕ ಇಳಿಯಿತು. ಇದೇ ಸಂಸ್ಥೆ 2018ರ ಡಿಸೆಂಬರಿನಲ್ಲಿ ಭಾಷೆಯೊಳಗಿನ ಪ್ರಾಣಿಹಿಂಸೆಯನ್ನು ನಿಲ್ಲಿಸಲು ಹೊರಟಿತು. ಒಂದೇ ಕಲ್ಲಿಗೆ ಎರಡು ಹಕ್ಕಿ ಹೊಡೆದೆ ಎನ್ನಬೇಡಿ, ಒಂದೇ ಸ್ಕೋನ್‌ನಿಂದ ಎರಡು ಹಕ್ಕಿಗೆ ಉಣಿಸಿದೆ ಎನ್ನಿ ಎಂದಿತು. (ಸ್ಕೋನ್ ಎಂದರೆ ಒಂದು ಬಗೆಯ ಬನ್ನು.) ಹೆಂಗಸನ್ನು ತಿಮಿಂಗಿಲ ಎನ್ನಬಹುದು, ಹಕ್ಕಿಗೆ ಮಾತಿನಲ್ಲಿಯೂ ಕಲ್ಲು ತಾಗಬಾರದು. ಈ ನಿಯಮ ಕನ್ನಡಕ್ಕೆ ಬಂದರೆ ನಮ್ಮ ಮೇಷ್ಟರುಗಳ ಶಬ್ದಕೋಶದಲ್ಲಿ ಹಾಜರಿ ಕೂಗಲು ಬೇಕಾದಷ್ಟು ಪದಗಳೂ ಉಳಿಯುವುದಿಲ್ಲ. ಕತ್ತೆ, ಕೋಣ, ಹಂದಿ, ಕಪಿ ಎಲ್ಲರೂ ತರಗತಿಯಲ್ಲೇ ಇದ್ದೆವು. ಲೆಕ್ಕ ತಪ್ಪಿದರೆ 'ಎಮ್ಮೆ' ಎಂದು ಬೈದ ಮೇಷ್ಟರು ಮನೆಗೆ ಹೋಗಿ ಕುಡಿದದ್ದು ಆ ಎಮ್ಮೆಯದೇ ಹಾಲಿನ ಚಹಾ.

ಬೈದು ಹೇಳುವವರು ಬದುಕಲು ಹೇಳುತ್ತಾರೆ, ನಕ್ಕು ಹೇಳುವವರು ಕೆಡಲು ಹೇಳುತ್ತಾರೆ ಎಂಬ ಗಾದೆ ನಮ್ಮಲ್ಲಿದೆ. ಬೈದು ನಗಿಸುವವರು ಏನು ಹೇಳುತ್ತಾರೆ ಎಂಬ ಬಗ್ಗೆ ಗಾದೆ ಮೌನವಾಗಿದೆ. ಅಂಕಿಗಳು ಮೌನವಾಗಿಲ್ಲ. ಗ್ಯಾಲಪ್ ಸಂಸ್ಥೆ ಅಮೆರಿಕದವರನ್ನು ಕೇಳಿದಾಗ 2012ರಲ್ಲಿ ತಾವು ವೀಗನ್ ಎಂದವರು ಶೇ. 2, 2018ರಲ್ಲಿ ಶೇ. 3, 2023ರಲ್ಲಿ ಶೇ. 1. ಸಮೀಕ್ಷೆಯ ಏರುಪೇರಿಗೆ ಎಷ್ಟೇ ರಿಯಾಯಿತಿ ಕೊಟ್ಟರೂ, ಅಷ್ಟೆಲ್ಲ ಬೈಸಿಕೊಂಡ ದೇಶದ ಅಂಕಪಟ್ಟಿ ಇದು. ಫಾನಲಿಟಿಕ್ಸ್ ಎಂಬ ಸಂಸ್ಥೆ 2014ರಲ್ಲಿ ಅಲ್ಲಿಯ 11,000ಕ್ಕೂ ಹೆಚ್ಚು ಜನರನ್ನು ವಿಚಾರಿಸಿತು. ಮಾಂಸ ಬಿಟ್ಟವರಲ್ಲಿ ಶೇ. 84 ಮಂದಿ ಮರಳಿ ತಟ್ಟೆಗೆ ಬಂದಿದ್ದರು, ಮೂರರಲ್ಲಿ ಒಂದು ಪಾಲು ಮೂರು ತಿಂಗಳೊಳಗೇ. ಅದೇ ವರ್ಷ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಸುಮಾರು 2,900 ಜನರ ತೂಕವನ್ನು ನಾಲ್ಕು ವರ್ಷಗಳ ಅಂತರದಲ್ಲಿ ಹೋಲಿಸಿದ ಲೆಕ್ಕ ಕೊಟ್ಟರು. ದಪ್ಪಗಿದ್ದೇವೆಂದು ಅವಮಾನಕ್ಕೆ ಗುರಿಯಾದೆವು ಎಂದವರ ತೂಕ ಸರಾಸರಿ ಒಂದು ಕಿಲೋ ಹತ್ತಿರ ಏರಿತ್ತು, ಆ ಕಾಟವಿಲ್ಲದವರದು ಮುಕ್ಕಾಲು ಕಿಲೋದಷ್ಟು ಇಳಿದಿತ್ತು. ಪ್ರಕಾಶಕರ ದೃಷ್ಟಿಯಿಂದ ಇದು ಸುವಾರ್ತೆ. ಬೈದಷ್ಟೂ ತೂಕ ಏರುತ್ತದೆ, ತೂಕ ಏರಿದಷ್ಟೂ ಬೈಯುವ ಪುಸ್ತಕಕ್ಕೆ ಬೇಡಿಕೆ.

ಹಾಗೆಂದು ಯಾರೂ ಬದಲಾಗಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಅಮೆರಿಕದಲ್ಲಿ ಓದಲು ಹೋದ ನಮ್ಮ ನೆಂಟರ ಹುಡುಗಿಯೊಬ್ಬಳು ಇದೇ ಪುಸ್ತಕ ಓದಿ ಹಾಲು ಬಿಟ್ಟಳು, ಹದಿನೈದು ವರ್ಷವಾದರೂ ಮತ್ತೆ ಮುಟ್ಟಿಲ್ಲ. ಅಂದರೆ ಬೈಗುಳ ನಾಟಿತು ಎಂದೆ. ಅವಳು ನಕ್ಕಳು. "ಬೈಗುಳ ಎರಡು ವಾರಕ್ಕೆ ಸವೆದುಹೋಯಿತು. ಜೊತೆಗಿದ್ದ ಇಥಿಯೋಪಿಯದ ಹುಡುಗಿ ಬೇಳೆಯನ್ನು ಅಷ್ಟು ರುಚಿಯಾಗಿ ಮಾಡುತ್ತಿದ್ದಳು" ಎಂದಳು. ಮದುವೆಯೊಂದಕ್ಕೆ ಊರಿಗೆ ಬಂದಾಗ ಅವಳ ಎಲೆಗೆ ಸೋದರತ್ತೆ ಮಜ್ಜಿಗೆ ಬಡಿಸಲು ಬಂದರು. ಬೇಡ ಎಂದರೆ, "ಅಯ್ಯೋ, ಮಜ್ಜಿಗೆಯಲ್ಲಿ ಹಾಲೆಲ್ಲಿದೆ, ಎಲ್ಲ ನೀರೇ" ಎಂದು ಸಮಾಧಾನ ಹೇಳಿದರು. ಹಾಲಿನ ವಿಷಯದಲ್ಲಿ ನಮ್ಮವರು ಸುಲಭಕ್ಕೆ ಕೆರಳುವವರಲ್ಲ. 2023ರ ಚುನಾವಣೆಯ ಹೊತ್ತಿಗೆ ಒಮ್ಮೆ ಕೆರಳಿದೆವು ನಿಜ, ಆದರೆ ಅದು ನಂದಿನಿಯೋ ಅಮುಲ್ಲೋ ಎಂದು. ಹಸುವಿನದೋ ಓಟ್ಸಿನದೋ ಎಂದಲ್ಲ.

ವೀಗನ್ ಎಂಬ ಪದ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಡೊನಾಲ್ಡ್ ವಾಟ್ಸನ್ ಮತ್ತು ಸಂಗಡಿಗರು ಹೊಸ ಸಂಘ ಕಟ್ಟಿದಾಗ 'ವೆಜಿಟೇರಿಯನ್' ಪದದ ತಲೆ ಮತ್ತು ಬಾಲವನ್ನು ಉಳಿಸಿಕೊಂಡು ನಡುವಿನದನ್ನು ಎಸೆದರು. ವಾಟ್ಸನ್ ಯಾರಿಗೂ ನಾಯಿ ಎಂದು ಬೈದದ್ದನ್ನು ನಾನು ಕೇಳಿಲ್ಲ. ಆ ವಿಧಾನವನ್ನೇ ಕನ್ನಡಕ್ಕೆ ಹಚ್ಚಿ ನೋಡಿದೆ. 'ಸಸ್ಯಾಹಾರಿ'ಯ ಮೊದಲ ಅಕ್ಷರ, ಕೊನೆಯ ಅಕ್ಷರ ಇಟ್ಟುಕೊಂಡು ನಡುವಿನದನ್ನು ತೆಗೆದರೆ ಉಳಿಯುವುದು 'ಸರಿ'. ನಮ್ಮ ಜಾಯಮಾನಕ್ಕೆ ಇದಕ್ಕಿಂತ ಒಪ್ಪುವ ಪದ ಸಿಗಲಾರದು. ವೈದ್ಯರು ಸಕ್ಕರೆ ಬಿಡಿ ಎಂದರೆ ಸರಿ, ಹೆಂಡತಿ ಎಣ್ಣೆ ಬಿಡಿ ಎಂದರೆ ಸರಿ.

ನಾನು ಓದಿದ ಪ್ರತಿ ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ಹಳೆಯ ಪುಸ್ತಕಗಳ ರಾಶಿಯಲ್ಲಿ ಸಿಕ್ಕಿದ್ದು. ಹಿಂದಿನ ಒಡತಿಯೋ ಒಡೆಯನೋ ಪೆನ್ಸಿಲ್ ಹಿಡಿದು ಶ್ರದ್ಧೆಯಿಂದ ಓದಿದ್ದಾರೆ. ಗೆರೆ ಎಳೆದಿರುವುದೆಲ್ಲ ಬೈಗುಳಗಳ ಕೆಳಗೆ. ಖಾರವಾದವುಗಳಿಗೆ ಎರಡು ಗೆರೆ, ಒಂದು ನಕ್ಷತ್ರ. ಪೋಷಕಾಂಶಗಳ ಪುಟಗಳು ಅಚ್ಚಿನಮನೆಯಿಂದ ಬಂದ ಹಾಗೆಯೇ ಇವೆ. ಹಾಲು, ಬೆಣ್ಣೆಯನ್ನು ಜನ್ಮ ಜಾಲಾಡುವಂತೆ ಬೈದಿರುವ ಕಡೆ ಅಂಚಿನಲ್ಲಿ ಕನ್ನಡದಲ್ಲಿ ಒಂದೇ ಪದ ಬರೆದಿದ್ದಾರೆ: 'ಸರಿ'. ಅದರ ಮುಂದಿನ ಪುಟದಲ್ಲಿ ಗುರುತಿಗೆಂದು ಮಡಚಿಟ್ಟ ಹೋಟೆಲ್ ಬಿಲ್ಲು ಇನ್ನೂ ಹಾಗೆಯೇ ಇದೆ. ಬೆಣ್ಣೆ ಮಸಾಲೆ ಎರಡು, ಕಾಫಿ ಎರಡು.